ಕನಿಕರಕ್ಕೆ ಕಸುಬು ಕಲಿಸಿದವರು

ಪ್ರಶ್ನೆ: ತಾಯಿಯ ಚಿಕಿತ್ಸೆಗೆಂದು ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಹೋಗಿದ್ದೆ. ಎಲ್ಲ ಧರ್ಮದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಕ್ರೈಸ್ತರ ಆಸ್ಪತ್ರೆಯಾದರೂ ನಮ್ಮ ದೇವರು ಯಾರೆಂದು ಯಾರೂ ಕೇಳಲಿಲ್ಲ. ಊರಿಗೆ ಬಂದು ಹೇಳಿದರೆ 'ಅದೆಲ್ಲ ಮತಾಂತರದ ಹುನ್ನಾರ' ಎಂದರು ಕೆಲವರು, 'ಯೇಸುವಿನ ಪ್ರೀತಿ' ಎಂದರು ಇನ್ನು ಕೆಲವರು. ಯಾವುದು ನಿಜ? ಒಬ್ಬರ ನಂಬಿಕೆ ಆ ದೇವರನ್ನು ನಂಬದವರಿಗೂ ಉಪಯೋಗಕ್ಕೆ ಬರುವುದು ಹೇಗೆ?
ಓದುಗರೊಬ್ಬರು, ಕೋಲಾರ

ಉತ್ತರ: ನಿಮ್ಮ ಊರಿನವರ ಎರಡು ಮಾತಿನಲ್ಲೂ ಒಂದಿಷ್ಟು ಹುರುಳಿದೆ. ಮಿಷನರಿಗಳು ಹಡಗು ಹತ್ತಿ ಬಂದದ್ದು ತಮ್ಮ ಧರ್ಮ ಸಾರುವುದಕ್ಕೆ. ಇದೇನೂ ಯಾರೋ ಪತ್ತೆಹಚ್ಚಬೇಕಾದ ಗುಟ್ಟಲ್ಲ. ವರ್ಷದಲ್ಲಿ ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು ಎಂದು ಅವರೇ ತಮ್ಮ ವರದಿಗಳಲ್ಲಿ ಬರೆದುಕೊಂಡಿದ್ದಾರೆ. ಇನ್ನು ಪ್ರೀತಿಯ ಮಾತು. ಅದೂ ಸುಳ್ಳಲ್ಲ, ಆದರೆ ಅಷ್ಟರಿಂದಲೇ ನಿಮ್ಮ ತಾಯಿಗೆ ಚಿಕಿತ್ಸೆ ಸಿಗುವುದಿಲ್ಲ. ಎದೆಯಲ್ಲಿ ಪ್ರೀತಿ ತುಂಬಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆಸ್ಪತ್ರೆ ನಡೆಸಬಲ್ಲವರು ಕಡಿಮೆ. ನಂಬಿಕೆ ಬೇರೆಯವರಿಗೆ ದಕ್ಕುವುದು ಅದು ಕಲಿತ ಕೆಲಸವಾಗಿ ಕೈಗೆ ಇಳಿದಾಗ ಎಂಬುದು ನನ್ನ ತಿಳಿವಳಿಕೆ. ವೆಲ್ಲೂರಿನ ಕಥೆಯೇ ಅದಕ್ಕೆ ಸಾಕ್ಷಿ. ಆ ಕಥೆಗೆ ಮುಂಚೆ ಬೈಬಲಿನ ಒಂದು ಸಾಮತಿಯನ್ನು ನೆನೆಯಬೇಕು.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಮಾರ್ಯದವನ ಕಥೆ ನೀವೂ ಕೇಳಿರಬಹುದು. ಕಳ್ಳರು ಒಬ್ಬನನ್ನು ಬಡಿದು ದಾರಿಬದಿಯಲ್ಲಿ ಬಿಸಾಡಿ ಹೋಗಿದ್ದಾರೆ. ಯಾಜಕ ನೋಡಿಯೂ ಪಕ್ಕಕ್ಕೆ ಸರಿದು ಹೋಗುತ್ತಾನೆ, ದೇವಾಲಯದ ಸೇವಕನೂ ಹೋಗುತ್ತಾನೆ. ನಿಲ್ಲುವವನು ಯೆಹೂದ್ಯರು ಮುಟ್ಟಿಸಿಕೊಳ್ಳದ ಸಮಾರ್ಯದವನು. ಈ ಕಥೆಯನ್ನು ಉಪದೇಶಕ್ಕೆ ಬಳಸುವವರು ಸಾಮಾನ್ಯವಾಗಿ ಆತನ ಕರುಣೆಯ ಬಗ್ಗೆಯೇ ಮಾತನಾಡುತ್ತಾರೆ. ಮೂಲದಲ್ಲಿ ಕರುಣೆಗೆ ಸಿಕ್ಕಿರುವುದು ಒಂದೇ ಮಾತು. ಉಳಿದದ್ದೆಲ್ಲ ಕೆಲಸ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸುತ್ತಾನೆ, ಛತ್ರಕ್ಕೆ ಸೇರಿಸಿ ಆರೈಕೆ ಮಾಡುತ್ತಾನೆ, ಮರುದಿನ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ವಾಪಸು ಬರುವಾಗ ತೀರಿಸುತ್ತೇನೆ ಎಂದು ಲೆಕ್ಕ ಒಪ್ಪಿಸಿ ಹೊರಡುತ್ತಾನೆ. ಬಿದ್ದವನ ಕುಲಗೋತ್ರ ವಿಚಾರಿಸಿದ ಸುದ್ದಿಯೇ ಅಲ್ಲಿಲ್ಲ.

ವೆಲ್ಲೂರಿನ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ಅಲ್ಲೇ ಹತ್ತಿರದ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕದಿಂದ ಸಿಲೋನಿಗೆ ಬಂದ ಮಿಷನರಿ ವೈದ್ಯ, ತಂದೆಯೂ ವೈದ್ಯ. ಮಗಳಿಗೆ ಮಾತ್ರ ಈ ಬಾಳು ಬೇಡವಾಗಿತ್ತು. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಅಮೆರಿಕದಿಂದ ಬಂದು ತಿಂಡಿವನಂನಲ್ಲಿದ್ದಾಗ ಒಂದು ರಾತ್ರಿ ಮೂರು ಮನೆಯ ಗಂಡಸರು ಒಬ್ಬರ ಹಿಂದೊಬ್ಬರಂತೆ ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಬೇರೆ ಜಾತಿಯ ಹಿಂದೂ. ಮೂವರ ಹೆಂಡತಿಯರೂ ಹೆರಿಗೆ ನೋವಿನಲ್ಲಿದ್ದರು. ಅಪ್ಪ ಡಾಕ್ಟರು, ಅವರು ಬರುತ್ತಾರೆ ಎಂದಳು ಐಡಾ. ಪರಗಂಡಸು ಬರಕೂಡದು, ನೀವೇ ಬನ್ನಿ ಎಂದರು ಅವರು. ಆಕೆಗೆ ಹೆರಿಗೆ ಮಾಡಿಸುವುದು ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಹೋಗಿದ್ದರು.

ಈ ಘಟನೆಯನ್ನು ದೈವದ ಕರೆ ಎಂದೇ ಕ್ರೈಸ್ತ ಬರಹಗಾರರು ವರ್ಣಿಸುತ್ತಾರೆ. ಇರಲಿ. ನನಗೆ ಮುಖ್ಯವಾಗಿ ಕಾಣುವುದು ಆಕೆ ಮುಂದೆ ಮಾಡಿದ್ದು. ಆ ಮನೆಗಳಿಗೆ ಸಾಂತ್ವನ ಹೇಳುತ್ತ ಊರಲ್ಲೇ ಉಳಿಯದೆ ಅಮೆರಿಕಕ್ಕೆ ವಾಪಸಾಗಿ, ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಮೊದಲ ತಂಡದಲ್ಲಿ ಓದಿ, 1899ರಲ್ಲಿ ಪಾಸಾದಳು. ಮರುವರ್ಷ ವೆಲ್ಲೂರಿನಲ್ಲಿ ತಂದೆಯ ಮನೆಯ ಒಂದು ಪುಟ್ಟ ಕೋಣೆಯಲ್ಲಿ ಔಷಧಾಲಯ ತೆರೆದಳು, 1902ರಲ್ಲಿ ಹೆಂಗಸರ ಆಸ್ಪತ್ರೆಯೂ ಆಯಿತು. ಒಬ್ಬಳಿಂದ ಎಷ್ಟು ಹೆರಿಗೆ ಆದೀತು? ದಾದಿಯರ ತರಬೇತಿ ಶುರುವಾಯಿತು. ಗುಡಿಯಾತಂ ರಸ್ತೆಯಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ಹಳ್ಳಿಯವರಿಗೆ ಔಷಧಿ ಕೊಡುವ ಏರ್ಪಾಡೂ ಆಯಿತು. 1918ರಲ್ಲಿ ಹುಡುಗಿಯರಿಗೆಂದೇ ವೈದ್ಯಕೀಯ ಶಾಲೆ ತೆರೆಯಿತು. ಹುಡುಗರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1947ರಲ್ಲಿ. ತನ್ನ ಬಳಿ ಬಂದವರ ಕಣ್ಣೀರು ಒರೆಸುವುದು ಒಂದು ಬಗೆಯ ಸೇವೆ. ತಾನಿಲ್ಲದಾಗಲೂ ಹೆರಿಗೆ ಮಾಡಿಸಬಲ್ಲ ನೂರಾರು ಜನರನ್ನು ತಯಾರು ಮಾಡುವುದು ಬೇರೆಯೇ ಬಗೆ, ಮತ್ತು ಹೆಚ್ಚಿನದು.

ಅದೇ ವೆಲ್ಲೂರಿಗೆ 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯನ ಕೆಲಸವನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಬ್ರ್ಯಾಂಡ್ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೈಯಲ್ಲಿ ಹುಟ್ಟಿದವರು. ತಂದೆ ಜೆಸ್ಸಿ ಮೂಲತಃ ಮನೆ ಕಟ್ಟುವವರು; ಅಷ್ಟಿಷ್ಟು ವೈದ್ಯ ಕಲಿತು ಬೆಟ್ಟದ ಜನರ ನಡುವೆ ಮಿಷನರಿಯಾಗಿದ್ದರು. 1929ರಲ್ಲಿ ಮಲೇರಿಯಾದ ಒಂದು ಭೀಕರ ರೂಪಕ್ಕೆ ಬಲಿಯಾದರು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಮಗ ಅಪ್ಪನ ಹಾಗೆಯೇ ಆಗಬೇಕೆಂದು ಶಾಲೆ ಬಿಟ್ಟವನೇ ಗಾರೆ ಕೆಲಸ, ಮರಗೆಲಸಕ್ಕೆ ಸೇರಿದ. ಕೆಲವು ವರ್ಷ ಅದನ್ನೇ ಮಾಡಿ, ಆಮೇಲೆ ವೈದ್ಯಕೀಯಕ್ಕೆ ಹೋದ. ಕೆಲಸಕ್ಕೆ ಬಾರದ ಸುತ್ತುದಾರಿಯಂತೆ ಕಾಣುವ ಆ ವರ್ಷಗಳೇ ಮುಂದೆ ಕೈಹಿಡಿದವು.

ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯವನ್ನು ನೋಡಿಕೊಳ್ಳುತ್ತಿದ್ದವರು ರಾಬರ್ಟ್ ಕಾಕ್ರೇನ್. ಅವರು ಚರ್ಮರೋಗ ತಜ್ಞರು. ಬ್ರ್ಯಾಂಡ್ ಅಲ್ಲಿಗೆ ಹೋದಾಗ ನೋಡಿದ್ದು ಕೊಕ್ಕೆಯಾಗಿ ಮುರುಟಿದ ಬೆರಳುಗಳು, ಗಿಡ್ಡವಾದ ಬೆರಳುಗಳು, ಬೆರಳೇ ಇಲ್ಲದ ಕೈಗಳು. ಇವನ್ನು ಸರಿಪಡಿಸಲು ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, ಮೂಳೆ ಮತ್ತು ಕೈಕಾಲಿನ ವೈದ್ಯರು ಯಾರೂ ಈ ರೋಗವನ್ನು ಇದುವರೆಗೆ ನೆಟ್ಟಗೆ ನೋಡಿಯೇ ಇಲ್ಲ ಎಂಬ ಉತ್ತರ ಬಂತು. ಅಂಥ ಒಂದು ಕೈಯನ್ನು ಹಿಡಿದು, ಜೋರಾಗಿ ಅದುಮು ಎಂದರು ಬ್ರ್ಯಾಂಡ್. ರೋಗಿ ಅದುಮಿದ ರಭಸಕ್ಕೆ ಅವರ ಕೈಯೇ ನೋಯಿತು. ಕೊಳೆತುಹೋದ ಕೈಗೆ ಇಷ್ಟು ಬಲ ಎಲ್ಲಿಂದ ಬಂತು?

ಕುಷ್ಠದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಹಿಡಿದಿದ್ದರು. ಆದರೂ ಈ ರೋಗದಲ್ಲಿ ಮಾಂಸ ತಾನಾಗಿ ಕೊಳೆತು ಬೀಳುತ್ತದೆ ಎಂಬ ಭಾವನೆ ವೈದ್ಯರಲ್ಲೂ ಇತ್ತು. ಬ್ರ್ಯಾಂಡ್ ತಂಡ ಕಂಡುಕೊಂಡದ್ದು ಬೇರೆ. ರೋಗಾಣುವಿಗೆ ಮೈಯ ತಂಪಾದ ಭಾಗಗಳು ಇಷ್ಟ. ಚರ್ಮಕ್ಕೆ ಹತ್ತಿರವಿರುವ ನರಗಳನ್ನು ಅದು ಹಿಡಿಯುತ್ತದೆ. ಮೊಣಕೈಯ ಒಳಬದಿಗೆ ಏಟು ಬಿದ್ದರೆ ಝುಮ್ಮೆನ್ನುತ್ತದಲ್ಲ, ಆ ನರ ಸತ್ತರೆ ಅಂಗೈಯ ಸಣ್ಣ ಸ್ನಾಯುಗಳು ಸೋಲುತ್ತವೆ, ಬೆರಳು ನೆಟ್ಟಗಾಗುವುದಿಲ್ಲ. ಮುಂಗೈಯ ದೊಡ್ಡ ಸ್ನಾಯುಗಳು ಬದುಕಿಯೇ ಇರುತ್ತವೆ. ಆ ಹಿಡಿತದ ಬಲ ಅವುಗಳದ್ದು. ಹಾಗಾದರೆ ಬದುಕಿರುವ ಒಂದು ಸ್ನಾಯುವಿನ ರಜ್ಜುವನ್ನು ಬಿಡಿಸಿ, ಸೀಳಿ, ಬೆರಳುಗಳಿಗೆ ಜೋಡಿಸಿದರೆ? 1948ರಲ್ಲಿ ವೆಲ್ಲೂರಿನಲ್ಲಿ ಅಂಥ ಶಸ್ತ್ರಚಿಕಿತ್ಸೆ ಶುರುವಾಯಿತು. ಕುಷ್ಠರೋಗಿಗಳನ್ನು ಒಳಗೆ ಬಿಟ್ಟರೆ ಉಳಿದ ರೋಗಿಗಳು ಓಡಿಹೋಗುತ್ತಾರೆಂಬ ಭಯ ಮಿಷನ್ ಆಸ್ಪತ್ರೆಯಲ್ಲೂ ಇತ್ತು ಎನ್ನುವುದನ್ನೂ ಹೇಳಬೇಕು. ದೇವರ ಹೆಸರಿನ ಕಟ್ಟಡವಾದ ಮಾತ್ರಕ್ಕೆ ಭಯ ಹೊರಗೇ ನಿಲ್ಲುವುದಿಲ್ಲ.

ಬೆರಳು ನೆಟ್ಟಗಾಯಿತು, ಕಥೆ ಮುಗಿಯಿತು ಎನ್ನುವಂತಿರಲಿಲ್ಲ. ಭಿಕ್ಷೆ ಬೇಡಿ ಬದುಕುತ್ತಿದ್ದ ರೋಗಿಯೊಬ್ಬ ವಾಪಸು ಬಂದು, ನೀವು ಕೊಟ್ಟ ಕೈ ಭಿಕ್ಷೆಗೆ ಒಳ್ಳೆಯದಲ್ಲ ಎಂದು ದೂರಿದ. ಮುರುಟಿದ ಕೈ ನೋಡಿದರೆ ಕಾಸು ಹಾಕುತ್ತಿದ್ದರು, ನೆಟ್ಟಗಿನ ಕೈಗೆ ಯಾರೂ ಹಾಕುತ್ತಿರಲಿಲ್ಲ. ರೋಗದ ಗುರುತು ಗೊತ್ತಿದ್ದವರು ಕೆಲಸವನ್ನೂ ಕೊಡುತ್ತಿರಲಿಲ್ಲ. ಉಪಕಾರ ಮಾಡಹೊರಟವರು ತಲೆಕೆಳಗಾಗುವುದು ಇಂಥ ಜಾಗದಲ್ಲೇ. ಬ್ರ್ಯಾಂಡ್ ತಾವು ಕಲಿತಿದ್ದ ಮರಗೆಲಸವನ್ನು ಹೊರತೆಗೆದರು. ಶಸ್ತ್ರಚಿಕಿತ್ಸೆಯಾದವರಿಗೆಂದು ಒಂದು ಪುಟ್ಟ ಕೇರಿ ಎದ್ದಿತು. ಅಲ್ಲಿ ಗುಡಿಸಲುಗಳಲ್ಲಿದ್ದುಕೊಂಡು ಗರಗಸ, ಸುತ್ತಿಗೆ ಹಿಡಿದು ಮರದ ಆಟಿಕೆ ಮಾಡುವುದನ್ನು ಕಲಿಸಿದರು.

ದೊಡ್ಡ ಸತ್ಯ ಹೊರಬಿದ್ದದ್ದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಲ್ಲ, ರೋಗಿಗಳೊಡನೆ ಕಳೆದ ಇಂಥ ದಿನಗಳಲ್ಲಿ. ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲು ಬ್ರ್ಯಾಂಡ್ ಒದ್ದಾಡುತ್ತಿದ್ದಾಗ ರೋಗಿ ಹುಡುಗನೊಬ್ಬ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿದ. ನೆಲದ ಮೇಲೆ ರಕ್ತ ಬಿತ್ತು. ಕೀಲಿ ಅವನ ಬೆರಳನ್ನು ಮೂಳೆಯವರೆಗೆ ಸೀಳಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಅಲ್ಲಿಂದ ಪ್ರತಿಯೊಂದು ಗಾಯದ ಮೂಲ ಹುಡುಕುವ ಕೆಲಸ ನಡೆಯಿತು. ಸಿಬಿರೆದ್ದ ಸುತ್ತಿಗೆಯ ಹಿಡಿ, ಬಿಸಿ ಲೋಟ, ಚಪ್ಪಲಿಯ ಮೊಳೆ, ಹೀಗೆ ಒಂದೊಂದಕ್ಕೂ ಕಾರಣ ಸಿಕ್ಕಿತು. ರಾತ್ರಿ ಮಲಗುವಾಗ ಇದ್ದ ಬೆರಳತುದಿ ಬೆಳಿಗ್ಗೆ ಇರುತ್ತಿರಲಿಲ್ಲ. ಇದಕ್ಕೆ ಮಾತ್ರ ಕಾರಣ ತಿಳಿಯಲಿಲ್ಲ. ರಾತ್ರಿಯಿಡೀ ಎದ್ದು ಕಾದರು. ಇಲಿ ಬಂದು ಬೆರಳು ಕಡಿಯುತ್ತಿತ್ತು, ಮಲಗಿದವನಿಗೆ ಎಚ್ಚರವೇ ಆಗುತ್ತಿರಲಿಲ್ಲ. ಪರಿಹಾರ ಸುಲಭವಾಗಿತ್ತು. ಮನೆಗೆ ಹೋಗುವ ರೋಗಿಗಳಿಗೆಲ್ಲ ಬೆಕ್ಕು ಸಾಕಲು ಹೇಳಿ ಕಳಿಸಿದರು.

ರೋಗ ಬೆರಳನ್ನು ತಿನ್ನುವುದಿಲ್ಲ, ನೋವನ್ನು ಕದಿಯುತ್ತದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ನೋವು ಇಲ್ಲದ್ದರಿಂದ ಕೈಕಾಲು ಸವೆದುಹೋಗುತ್ತವೆ. ಶಾಪ, ಪೂರ್ವಜನ್ಮದ ಕರ್ಮ, ದೇವರ ಸಿಟ್ಟು ಎಂದು ಎಲ್ಲ ಧರ್ಮದವರೂ ಸಾವಿರಾರು ವರ್ಷ ಹೇಳುತ್ತ ಬಂದಿದ್ದ ಕಾಯಿಲೆಗೆ ಬೆಕ್ಕು ಮತ್ತು ಮೆತ್ತನೆ ಚಪ್ಪಲಿ ಪರಿಹಾರದ ಭಾಗವಾದವು. ಹೌದು, ಚಪ್ಪಲಿ. ಪಾದಕ್ಕೆ ಒತ್ತಡ ತಾಗದಂತೆ ಸಣ್ಣ ರಂಧ್ರಗಳ ಮೆದು ರಬ್ಬರಿನ ಪಾದರಕ್ಷೆಗಳ ಮೇಲೆ ವೆಲ್ಲೂರಿನಲ್ಲಿ ವರ್ಷಗಟ್ಟಲೆ ಕೆಲಸ ನಡೆಯಿತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಇವತ್ತು ಡಾಕ್ಟರು ಅದೇ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕಿಕೊಳ್ಳಿ ಎನ್ನುತ್ತಾರಲ್ಲ, ಅದರ ಹಿಂದೆ ಕುಷ್ಠರೋಗಿಗಳ ಪಾದಗಳಿಂದ ಕಲಿತ ಪಾಠವಿದೆ. ರೆಪ್ಪೆ ಮುಚ್ಚಲಾಗದೆ ಕುರುಡರಾಗುತ್ತಿದ್ದವರಿಗೆ ದವಡೆಯ ಸ್ನಾಯುವಿನ ಒಂದು ಎಳೆಯನ್ನು ರೆಪ್ಪೆಗೆ ಕೂಡಿಸಿದರು. ಏನಾದರೂ ಅಗಿದಾಗ ಕಣ್ಣು ಮುಚ್ಚುತ್ತದೆ. ಎಲೆಅಡಿಕೆ ಚಟ ಒಳ್ಳೆಯದಕ್ಕೆ ಬಂದ ಒಂದೇ ಸಂದರ್ಭ ಇದಿರಬೇಕು!

ಈ ತಂಡದಲ್ಲಿ ಕೇರಳದ ಮೇರಿ ವರ್ಗೀಸ್ ಎಂಬ ಯುವ ವೈದ್ಯೆಯೂ ಇದ್ದರು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕೈ ಮಾತ್ರ ನೆಟ್ಟಗಿತ್ತು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲ ಎಂದು ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಬೆರಳು ಸರಿಪಡಿಸಿದರು. ಆಮೇಲೆ ವಿದೇಶದಲ್ಲಿ ಪುನರ್ವಸತಿ ವೈದ್ಯ ಕಲಿತು ಬಂದು, ತಮ್ಮಂತೆ ಕಾಲಿನ ಬಲ ಕಳೆದುಕೊಂಡವರಿಗೆ ಬದುಕು ಕಲಿಸುವ ವಿಭಾಗ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು.

ಇಷ್ಟು ಓದಿದ ಮೇಲೆ, ನಮ್ಮ ಕರ್ನಾಟಕದಲ್ಲಿ ಇಂಥದ್ದು ಇಲ್ಲವೇ ಎಂದು ನೀವು ಕೇಳಬಹುದು. ತಲೆಯೆತ್ತಿ ನೋಡಿದರೆ ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳ ಮಾಡಿನಲ್ಲೇ ಅದು ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮುಂದೆ ಬೇಗನೆ ಒಂದು ಪೇಚು ನಿಂತಿತು. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು, ಹೊಲ ಹೋಗುತ್ತಿತ್ತು, ಕುಲಕಸುಬು ತಪ್ಪುತ್ತಿತ್ತು. ಈ ತೊಂದರೆಗೆ ಮಿಷನ್ನೇ ಕಾರಣ ಎಂದರೂ ತಪ್ಪಲ್ಲ. ಅವರನ್ನು ಭಿಕ್ಷೆಯಲ್ಲಿ ಇಡುವ ಬದಲು ಮಗ್ಗ ಹಾಕಿದರು, ಮುದ್ರಣಾಲಯ ತೆರೆದರು. ಮುದ್ರಣ ಕಲಿತಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹೆಂಚು ಮುಳಿಹುಲ್ಲಿನ ಮಾಡಿನಂತೆ ಬೆಂಕಿಗೆ ಹೆದರುವುದಿಲ್ಲ, ವರ್ಷವರ್ಷ ಹೊದಿಸಬೇಕಿಲ್ಲ. ಊರಿನ ಬೇರೆಯವರೂ ಕಾರ್ಖಾನೆ ತೆರೆದರು. ದೇವಸ್ಥಾನದ ಮೇಲೂ ಮಸೀದಿಯ ಮೇಲೂ ಮಂಗಳೂರು ಹೆಂಚು ಕೂತಿತು.

ಇದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದ್ದು, ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮುದ್ರಿಸಿದ್ದು ಕನ್ನಡಿಗರಿಗೆ ಗೊತ್ತಿರುವ ಸಂಗತಿಯೇ. ಅಷ್ಟಾಗಿ ಗೊತ್ತಿಲ್ಲದವರು ಅಗಸ್ಟಸ್ ಮುಲ್ಲರ್. ಜರ್ಮನಿಯ ಈ ಜೆಸ್ವಿಟ್ ಪಾದ್ರಿ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. ಔಷಧಿಯನ್ನು ಅಂಚೆಯಲ್ಲಿ ದೇಶದ ನಾನಾ ಕಡೆ ಮಾರಿ, ಬಂದ ಹಣದಿಂದ ಕುಷ್ಠರೋಗಿಗಳ ಆಸ್ಪತ್ರೆ ನಡೆಸಿದರು. ಹೋಮಿಯೋಪತಿಯ ಬಗ್ಗೆ ನನಗೆ ಹೆಚ್ಚು ವಿಶ್ವಾಸವಿಲ್ಲ. ಆದರೂ ಯಾರೂ ಹತ್ತಿರ ಸೇರಿಸದವರಿಗೆ ಹಾಸಿಗೆ ಹಾಕಿದವರ ಲೆಕ್ಕಾಚಾರ ಮೆಚ್ಚಬೇಕಾದದ್ದು. ದಾನಿಗಳ ಮರ್ಜಿ ಕಾಯದೆ ತಾವೇ ದುಡಿದು ನಡೆಸಿದರು. ಅದೇ ಈಗಿನ ಫಾದರ್ ಮುಲ್ಲರ್ ಆಸ್ಪತ್ರೆ.

ಇನ್ನು ಮತಾಂತರ. ಸೇವೆಯ ಜೊತೆ ಷರತ್ತು ಕಟ್ಟಿದ್ದರೆ, ಔಷಧಿಗೆ ಬದಲಾಗಿ ನಂಬಿಕೆ ಕೇಳಿದ್ದರೆ, ಅದು ಸೇವೆಯಲ್ಲ, ವ್ಯಾಪಾರ. ಅಂಥದ್ದು ಎಲ್ಲೂ ನಡೆದೇ ಇಲ್ಲ ಎಂದು ನಾನು ವಾದಿಸಲಾರೆ. ಮಿಷನರಿಗಳ ಹಳೆಯ ಬರಹಗಳಲ್ಲಿ ಇಲ್ಲಿನ ದೇವರುಗಳ ಬಗ್ಗೆ ಇರುವ ತಿರಸ್ಕಾರ ಓದಿದರೆ ಇಂದಿಗೂ ಮೈ ಉರಿಯುತ್ತದೆ. ಆದರೆ ಸಂಶಯವನ್ನೇ ತೀರ್ಪಾಗಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಆಶ್ರಮ ನಡೆಸುತ್ತಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಹೇಳಿ, ಮಗಳೊಂದಿಗೆ ಅಲ್ಲೇ ಉಳಿದು, 2004ರಲ್ಲಿ ತಮ್ಮ ದೇಶಕ್ಕೆ ಹೊರಡುವ ಮುಂಚೆ ಅಲ್ಲೊಂದು ಆಸ್ಪತ್ರೆ ಎಬ್ಬಿಸಿದರು. ಕ್ಷಮೆ ಬಾಯಿಮಾತಲ್ಲ ಎಂದು ತೋರಿಸಲು ಆಸ್ಪತ್ರೆಗಿಂತ ಒಳ್ಳೆಯ ಪುರಾವೆ ಇರಲಾರದು.

ವೆಲ್ಲೂರಿನಲ್ಲಿ ನಿಮ್ಮನ್ನು ಯಾರೂ ದೇವರ ಹೆಸರು ಕೇಳಲಿಲ್ಲ ಎಂದಿರಿ. ಅದರ ಜೊತೆಗೆ ಇದನ್ನೂ ಗಮನಿಸಿ. ಅಲ್ಲಿ ಚರ್ಚುಗಳ ಶಿಫಾರಸಿನಿಂದ ಸೀಟು ಪಡೆದ ವಿದ್ಯಾರ್ಥಿಗಳು ಓದು ಮುಗಿಸಿ ಎರಡು ವರ್ಷ ಸಣ್ಣ ಊರುಗಳ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುವ ಕರಾರು ಇದೆ. ಆ ಪ್ರವೇಶದ ಪದ್ಧತಿ ಕೋರ್ಟು ಹತ್ತಿ ತಕರಾರೂ ಆಗಿದೆ; 2020ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಪ್ರವೇಶ ಪರೀಕ್ಷೆ ಕಡ್ಡಾಯ ಎಂದಿತು. ತಕರಾರು ಏನೇ ಇರಲಿ, ಕಲಿತ ಕೈಯನ್ನು ಎರಡು ವರ್ಷ ಹಳ್ಳಿಗೆ ಕಳಿಸುವ ಕಟ್ಟುಪಾಡು ನನಗೆ ನೂರು ಪ್ರವಚನಕ್ಕಿಂತ ಹೆಚ್ಚು ಧಾರ್ಮಿಕವಾಗಿ ಕಾಣುತ್ತದೆ. ಇಂಥ ಕಟ್ಟುಪಾಡನ್ನು ಯಾವ ಮಠ, ಯಾವ ಟ್ರಸ್ಟು ಬೇಕಾದರೂ ತನ್ನ ಕಾಲೇಜಿಗೆ ಹಾಕಿಕೊಳ್ಳಬಹುದು.

ಕೊನೆಯದಾಗಿ, ಇಷ್ಟೆಲ್ಲ ಕುಷ್ಠದ ಮಾತು ಬಂದದ್ದರಿಂದ ಒಂದು ವಿಷಯ. ಈ ರೋಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ಸರ್ಕಾರ 2005ರ ಕೊನೆಗೇ ಹೇಳಿತು. ಆದರೆ ರೋಗ ಹೋಗಿಲ್ಲ. ದೇಶದಲ್ಲಿ ಈಚಿನ ವರ್ಷಗಳಲ್ಲೂ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ರೋಗಿಗಳು ಪತ್ತೆಯಾಗಿದ್ದಾರೆ. ಆರು ತಿಂಗಳಿಂದ ಒಂದು ವರ್ಷದ ಮಾತ್ರೆಗಳಲ್ಲಿ ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರ ಮೈಮೇಲಾದರೂ ಮುಟ್ಟಿದರೆ ತಿಳಿಯದ ಮಾಸಲು ಮಚ್ಚೆ ಕಂಡರೆ, ಬೆರಳು ಬಾಗುವವರೆಗೆ ಕಾಯದೆ ಈ ವಾರವೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.